ಗೆರೆ ಹಿಡಿದು ಓಡುವ ರೋಬೋಗೆ ಕಣ್ಣು ಕೂರಿಸುವುದು ಹೇಗೆ?

ದಾವಣಗೆರೆಯ ಕಾಲೇಜೊಂದರಲ್ಲಿ ಸ್ಪರ್ಧೆ. ಹಿಂದಿನ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಗೆರೆ ಬಿಡದೆ ಓಡಿದ್ದ ನಮ್ಮ ಹುಡುಗರ ರೋಬೋ, ಮಧ್ಯಾಹ್ನ ಕಿಟಕಿ ಬಿಸಿಲು ಬಿದ್ದ ತಿರುವಿನಲ್ಲಿ ತಿರುಗಲೇ ಇಲ್ಲ. ಸೀದಾ ಹೋಗಿ ಗೋಡೆಗೆ ಗುದ್ದಿತು. ಕೋಡ್ ಸರಿಯಿತ್ತು. ಗೆರೆ ನೋಡುವ ಸೆನ್ಸರ್ ಬಳಸುವುದು ಇನ್‌ಫ್ರಾರೆಡ್ ಎಂಬ ಕಾಣದ ಬೆಳಕು, ಬಿಸಿಲಿನಲ್ಲೂ ಅದು ಇರುತ್ತದಲ್ಲ, ಸೆನ್ಸರ್ ಕಪ್ಪು ಗೆರೆಯನ್ನೂ ಬಿಳಿ ಎಂದೇ ಓದಿತ್ತು.

ಈ ಕೆಲಸಕ್ಕೆ ಬಳಸುವ ಟಿಸಿಆರ್‌ಟಿ 5000 ಸೆನ್ಸರ್‌ನಲ್ಲಿ ಪುಟ್ಟ ಬಲ್ಬಿನಂಥ ಎರಡು ಭಾಗ. ಒಂದು 950 ನ್ಯಾನೊಮೀಟರ್‌ನ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ, ಇನ್ನೊಂದು ನೆಲದಿಂದ ಮರಳಿದ್ದನ್ನು ಹಿಡಿಯುತ್ತದೆ. ಬಿಳಿ ನೆಲ ಹೆಚ್ಚು ಮರಳಿಸುತ್ತದೆ, ಕಪ್ಪು ನುಂಗುತ್ತದೆ. ಈ ಬೆಳಕು ಬರಿಗಣ್ಣಿಗೆ ಕಾಣದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದರೆ ಸಾಮಾನ್ಯವಾಗಿ ನೇರಳೆ ಮಿಣುಕು ಕಾಣುತ್ತದೆ. ಜೋಡಿಸುವ ಮುಂಚೆಯೇ ಇದನ್ನು ನೋಡಿಬಿಡಿ.

ಈ ಸೆನ್ಸರ್ ಅತಿ ಚುರುಕಾಗಿರುವುದು 2.5 ಮಿ.ಮೀ. ಅಂತರದಲ್ಲಿ. ನೆಲಕ್ಕೆ ಅಷ್ಟು ತಗ್ಗಿಸಿದರೆ ಟ್ರ್ಯಾಕಿನ ಫ್ಲೆಕ್ಸ್ ಮಡಿಕೆಗೆ ತಗುಲುತ್ತದೆ. ಒಂದು ರೂಪಾಯಿಯ ಮೂರು ನಾಣ್ಯ ಒಟ್ಟಿ, ಅದರ ಮೇಲೆ ಸೆನ್ಸರ್ ಕೂರುವಂತೆ ಸ್ಕ್ರೂ ಬಿಗಿಯಿರಿ. ಎರಡು ಸೆನ್ಸರ್‌ಗಳ ನಡುವೆ ಗೆರೆಯ ಅಗಲಕ್ಕಿಂತ ತುಸು ಹೆಚ್ಚು ಜಾಗವಿರಲಿ. ಎಡಗಣ್ಣಿಗೆ ಕಪ್ಪು ಕಂಡರೆ ಎಡ ಮೋಟರ್ ನಿಧಾನ, ಬಲಗಣ್ಣಿಗೆ ಕಂಡರೆ ಬಲದ್ದು.

ಅಭ್ಯಾಸದ ಗೆರೆಗೆ ಕರೆಂಟಿನವರು ಬಳಸುವ ಕಪ್ಪು ಟೇಪೇ ಒಳ್ಳೆಯದು. ಕೆಲವು ಸ್ಕೆಚ್ ಪೆನ್ನಿನ ಕಪ್ಪು ನಮ್ಮ ಕಣ್ಣಿಗಷ್ಟೇ ಕಪ್ಪು, ಇನ್‌ಫ್ರಾರೆಡ್‌ಗೆ ಅಲ್ಲಿ ಗೆರೆಯೇ ಇರುವುದಿಲ್ಲ.

ಈಗ ಅಸಲಿ ಕೆಲಸ. ಮಾಡ್ಯೂಲಿನ, ಅಂದರೆ ಸೆನ್ಸರ್ ಕೂತ ಪುಟ್ಟ ಬೋರ್ಡಿನ, ತಿರುಪು ತಿರುಗಿಸಿ ಕೈಮುಗಿಯಬೇಡಿ. ಅದರ ಎ0 ಪಿನ್ನನ್ನು ರೋಬೋದ ಮಿದುಳಾದ ಆರ್ಡುಯಿನೊ ಉನೊ ಬೋರ್ಡಿನ ಅನಲಾಗ್ ಪಿನ್ನಿಗೆ ಕೊಟ್ಟರೆ 0ರಿಂದ 1023ರವರೆಗೆ ಅಂಕಿ ಸಿಗುತ್ತದೆ. ಬಿಳಿಗೆ 80, ಕಪ್ಪಿಗೆ 740 ಬಂತೆನ್ನಿ, ನಡುವಿನ 410 ನಿಮ್ಮ ಗಡಿ: ಅದಕ್ಕಿಂತ ಹೆಚ್ಚಾದರೆ ಕಪ್ಪು, ಕಡಿಮೆಯಾದರೆ ಬಿಳಿ. ಒಂದರ ಅಂಕಿ ಇನ್ನೊಂದಕ್ಕೆ ಹೊಂದದು, ಹಾಗಾಗಿ ಪ್ರತಿ ಸೆನ್ಸರ್‌ಗೂ ಬೇರೆ ಗಡಿ. ಅದನ್ನು ಕೋಡಿನಲ್ಲಿ ಬರೆದಿಡುವ ಬದಲು, ಸ್ವಿಚ್ ಹಾಕಿದ ಮೊದಲ ಐದು ಸೆಕೆಂಡು ರೋಬೋವನ್ನು ಗೆರೆಯ ಮೇಲೆ ಕೈಯಿಂದ ಅತ್ತಿತ್ತ ಆಡಿಸಿ. ಕನಿಷ್ಠ, ಗರಿಷ್ಠ ಅಂಕಿ ಹಿಡಿದು ನಡುವಿನದನ್ನು ರೋಬೋ ತಾನೇ ಲೆಕ್ಕ ಹಾಕಿಕೊಳ್ಳಲಿ. ನಿಮ್ಮ ಸರದಿಗೆ ಸ್ವಲ್ಪ ಮುಂಚೆಯೇ ಇದನ್ನು ಮಾಡಿ. ಬೆಳಿಗ್ಗೆ ಮಾಡಿಟ್ಟು ಬೆಣ್ಣೆದೋಸೆ ತಿಂದು ಬರುವಷ್ಟರಲ್ಲಿ ಬಿಸಿಲು ಜಾಗ ಬದಲಿಸಿರುತ್ತದೆ.

ಸೆನ್ಸರ್ ಸುತ್ತ ಕಪ್ಪು ಫೋಮಿನ ಲಂಗವನ್ನೂ ಅಂಟಿಸಿ. ಟ್ರ್ಯಾಕಿನ ಬಿಸಿಲಿರುವ ಕಡೆ ರೋಬೋ ಇಟ್ಟು, ಅಂಗೈ ಅಡ್ಡ ಹಿಡಿದು ನೆರಳು ಮಾಡಿ. ಅಂಕಿ ಜಿಗಿದರೆ ಲಂಗ ಇನ್ನೂ ಗಿಡ್ಡವಾಯಿತು.