ವಿಡಿಯೊ ಇಇಜಿಗೆ ಜೊತೆಗೆ ಹೋಗುವವರು ತಿಳಿದಿರಬೇಕಾದ್ದು

ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆಯೇ ಇಇಜಿ. 20–30 ನಿಮಿಷದ ಸಾಮಾನ್ಯ ಇಇಜಿ ಸರಿಯಾಗಿ ಬಂದರೆ ಅಪಸ್ಮಾರ (ಫಿಟ್ಸ್ ಕಾಯಿಲೆ) ಇಲ್ಲ ಎಂದಾಗುವುದಿಲ್ಲ. ಆ ಹೊತ್ತಿಗೆ ಮೆದುಳು ಸುಮ್ಮನಿತ್ತು, ಅಷ್ಟೇ. ಫಿಟ್ಸ್ ಬರುವ ಗಳಿಗೆಯನ್ನೇ ಹಿಡಿಯಲು ಕೆಲವು ದಿನ ಅಡ್ಮಿಟ್ ಮಾಡಿ, ಮೆದುಳಿನ ಅಲೆ, ವಿಡಿಯೊ ಎರಡನ್ನೂ ಒಟ್ಟಿಗೆ ದಾಖಲಿಸುತ್ತಾರೆ. ಇದೇ ವಿಡಿಯೊ ಇಇಜಿ.

ಬೈಸ್ಟಾಂಡರ್ ಆಗಿ, ಅಂದರೆ ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರಲು, ಫಿಟ್ಸ್ ಕಣ್ಣಾರೆ ಕಂಡವರೇ ಹೋಗಬೇಕು. ಮನೆಯಲ್ಲಿ ಮೊಬೈಲಿನಲ್ಲಿ ತೆಗೆದ ವಿಡಿಯೊ ಇದ್ದರೆ ಒಯ್ಯಿರಿ. ಕಾಸರಗೋಡಿನಿಂದ ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಗೆ ಹೋಗುವುದಾದರೆ ರಾತ್ರಿ ರೈಲಿನಲ್ಲೂ ಮಾತ್ರೆ ತಪ್ಪಬಾರದು. ನಿದ್ದೆಗೆಟ್ಟರೆ ದಾರಿಯಲ್ಲೇ ಫಿಟ್ಸ್ ಬರಬಹುದು. ಮಾತ್ರೆ ಕಡಿಮೆ ಮಾಡುವುದಿದ್ದರೆ ವೈದ್ಯರು ವಾರ್ಡಿನಲ್ಲಿ, ತುರ್ತು ಮದ್ದು ಕೊಡಲು ಕೈಗೆ ಸೂಜಿ ಹಾಕಿಟ್ಟು ಮಾಡುತ್ತಾರೆ. ಮನೆಯಲ್ಲೇ ನಿಲ್ಲಿಸಿ ಹೋಗುವುದು ಅಪಾಯ.

ನಮ್ಮವರ ದೊಡ್ಡ ತೊಡಕು ತೆಂಗಿನೆಣ್ಣೆ. ಎಣ್ಣೆಯ ತಲೆಗೆ ಎಲೆಕ್ಟ್ರೋಡ್ (ಅಲೆ ಹಿಡಿಯುವ, ವಯರಿನ ತುದಿಯ ಪುಟ್ಟ ಬಿಲ್ಲೆ) ಹಿಡಿಯುವುದಿಲ್ಲ, ಅಲೆಯ ಬದಲು ಕರೆಂಟಿನ 50 ಹರ್ಟ್ಸ್ ಗದ್ದಲ ಸೇರುತ್ತದೆ. ಹಿಂದಿನ ದಿನ ಶ್ಯಾಂಪೂ ಹಾಕಿ ಎರಡು ಸಲ ತೊಳೆದು, ಒಣಗಿಸಿ, ಜಡೆ ಹಾಕದೆ ಹೋಗಿ. ಅಂಗಿಗೆ ಮುಂದೆ ಗುಂಡಿ ಇರಲಿ. ವಯರ್ ಅಂಟಿಸಿದ ಮೇಲೆ ತಲೆ ಮೇಲಿಂದ ಬಟ್ಟೆ ಕಳಚಲಾಗದು. ಸುಮಾರು 21 ಎಲೆಕ್ಟ್ರೋಡ್‌ಗಳನ್ನು ಅಳತೆ ಹಿಡಿದು ಕೂರಿಸುತ್ತಾರೆ. ತುರಿಸಿದರೆ ಕೀಳುತ್ತವೆ. ಏನನ್ನಾದರೂ ಜಗಿಯುತ್ತಿದ್ದರೆ ದವಡೆಯ ಸ್ನಾಯುವಿನ ಗೆರೆಗಳು ಅಲೆಯನ್ನು ಮುಚ್ಚಿಬಿಡುತ್ತವೆ.

ಫಿಟ್ಸ್ ಶುರುವಾಯಿತೆಂದು ಅನಿಸಿದ ಕೂಡಲೇ, ಆ ಗಳಿಗೆಯನ್ನು ದಾಖಲೆಯಲ್ಲಿ ಗುರುತು ಮಾಡಲು ಕೊಟ್ಟಿರುವ ಬಟನ್ ಒತ್ತಿ, ನರ್ಸನ್ನು ಕರೆಯಿರಿ. ಅನುಮಾನವಿದ್ದರೂ ಒತ್ತಿ, ಸುಮ್ಮನೆ ಒತ್ತಿದ್ದರಿಂದ ನಷ್ಟವಿಲ್ಲ. ಹೊದಿಕೆ ಸರಿಸಿ, ಲೈಟ್ ಹಾಕಿ, ಕ್ಯಾಮೆರಾಕ್ಕೆ ಅಡ್ಡ ನಿಲ್ಲಬೇಡಿ. ಗಾಬರಿಯಲ್ಲಿ ರೋಗಿಯನ್ನು ಅಪ್ಪಿಕೊಂಡರೆ ಯಾವ ಕೈ ಮೊದಲು ನಡುಗಿತೆಂಬ ಮುಖ್ಯ ಸುಳಿವೇ ಕಾಣದಾಗುತ್ತದೆ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಖಂಡಿತ ಬೇಡ.

ಆಗ ನರ್ಸ್ ಹೆಸರು ಕೇಳುತ್ತಾರೆ, ಕೈ ಎತ್ತಲು ಹೇಳುತ್ತಾರೆ, ಒಂದು ಪದ ನೆನಪಿಡಲು ಕೊಡುತ್ತಾರೆ. ರೋಗಿಗೆ ಮಲಯಾಳ ಬಾರದಿದ್ದರೆ ಇದನ್ನು ದಾಖಲಾಗುವ ದಿನವೇ ತಿಳಿಸಿ. ಭಾಷೆ ಅರ್ಥವಾಗದೆ ಸುಮ್ಮನಿದ್ದದ್ದು ಮಾತು ನಿಂತದ್ದೆಂದು ದಾಖಲಾಗಬಾರದಲ್ಲ! ಅದೇ ಪ್ರಶ್ನೆಗಳನ್ನು ನೀವು ಕನ್ನಡದಲ್ಲೋ ತುಳುವಿನಲ್ಲೋ ಕೇಳುವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ದೇಹ ನಡುಗಿಯೂ ಅಲೆ ಬದಲಾಗದಿದ್ದರೆ ಅದು ಅಪಸ್ಮಾರವಲ್ಲದ, ಮಾನಸಿಕ ಮೂಲದ ಸೆಳೆತವಿರಬಹುದು. ಅದು ನಾಟಕವಲ್ಲ, ಅದಕ್ಕೂ ಚಿಕಿತ್ಸೆಯಿದೆ. ಮೆದುಳಿನ ಆಳದ ಕೆಲವು ಫಿಟ್ಸ್ ನೆತ್ತಿಯ ಮೇಲಿನ ಎಲೆಕ್ಟ್ರೋಡಿಗೆ ಸಿಗದಿರುವುದೂ ಉಂಟು. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಬರಲೆಂದು ವೈದ್ಯರು ಕಾಯುತ್ತಾರೆ.

ಬಿಡುಗಡೆಯಾಗುವಾಗ ಯಾವ ಮಾತ್ರೆ, ಎಷ್ಟು, ಎಂದಿನಿಂದ ಎಂಬುದನ್ನು ಬರೆಸಿಕೊಂಡೇ ರೈಲು ಹತ್ತಿ.