ಒಂದೇ ಗ್ರಾಫಿನಲ್ಲಿ ಮೂರು ಊರಿನ ಮಣ್ಣು

ರಾಯಚೂರಿನಲ್ಲಿ ಎಂಎಸ್ಸಿ ಅಗ್ರಿ ಹುಡುಗರಿಗೆ ಥೀಸಿಸ್ ಗ್ರಾಫ್ ಹಾಕಿಕೊಡುವುದು ನನ್ನ ಕೆಲಸ. ಒಂದಕ್ಕೆ 150-200 ರೂಪಾಯಿ, ಸಬ್ಮಿಷನ್ ಹತ್ತಿರ ಬಂದರೆ ಸ್ವಲ್ಪ ಜಾಸ್ತಿ.

ಹೋದ ವರ್ಷ ಒಬ್ಬ ಹುಡುಗಿ ಮಣ್ಣಿನ ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) ಡೇಟಾ ತಂದಳು. ತುಂಗಭದ್ರಾ ಎಡದಂಡೆಯ ಭತ್ತದ ಹೊಲಗಳು. ಗಂಗಾವತಿ, ಸಿಂಧನೂರು, ಮಾನ್ವಿ ಮೂರೂ ಕಡೆ ನಲವತ್ತರ ಹತ್ತಿರ ಹೊಲ, ಎಂಟು ತಿಂಗಳ ಲೆಕ್ಕ. ಮೂರನ್ನೂ ಒಂದೇ ಗ್ರಾಫಿನಲ್ಲಿ ಕೂರಿಸುತ್ತೇನೆ ಎಂದೆ. ಅವಳ ಗೈಡ್ ಒಪ್ಪಲಿಲ್ಲ. "ಸಾವಿರ ಚುಕ್ಕಿ ಒಂದೇ ಕಡೆ ಚೆಲ್ಲಿದ್ರ ಮಂಡಾಳ ಒಗ್ಗರಣಿ ಆಗ್ತದ. ಬ್ಯಾರೆ ಬ್ಯಾರೆ ಹಾಕ್ರಿ."

ಮೊದಲು ಹಳೇ ದಾರಿ ಹಿಡಿದೆ. ಆರ್ ಎಂಬ ಸಾಫ್ಟ್‌ವೇರಿನಲ್ಲಿ ಗಂಗಾವತಿಗೆ ಪ್ಲಾಟ್ ಹಾಕಿ, ಉಳಿದ ಎರಡಕ್ಕೆ ಅದರ ಮೇಲೇ ಗೆರೆ ಎಳೆಯುವ ಲೈನ್ಸ್ ಆಜ್ಞೆ ಕೊಟ್ಟೆ. ಮಾನ್ವಿ ಗೆರೆ ಕಾಣಲೇ ಇಲ್ಲ. ಗಂಗಾವತಿ ಹೊಲಗಳ ಇಸಿ 3ರೊಳಗೇ ಇತ್ತು, ವೈ ಅಕ್ಷವೂ ಅಲ್ಲಿಗೇ ನಿಂತಿತ್ತು. ಮಾನ್ವಿಯವು 5ರಿಂದ 8. ಗೆರೆ ಚೌಕಟ್ಟಿನ ಮೇಲೆ ಎಲ್ಲೋ ಆಕಾಶದಲ್ಲಿತ್ತು. ಎರರ್ ಬಂದಿದ್ದರೆ ತಕ್ಷಣ ಗೊತ್ತಾಗುತ್ತಿತ್ತು, ಅದೂ ಬರಲಿಲ್ಲ. ಅರ್ಧ ದಿನ ಹೋಯಿತು.

ಆಮೇಲೆ ಮಾಡಿದ್ದು ನಿಜವಾದ ತಪ್ಪು. ಪಾರ್‌ನಲ್ಲಿ ನ್ಯೂ ಟ್ರೂ ಕೊಟ್ಟು (ಹಳೇ ಗ್ರಾಫ್ ಅಳಿಸದಿರುವ ಆಜ್ಞೆ) ಒಂದರ ಮೇಲೊಂದು ಪ್ಲಾಟ್ ಹಾಕಿದೆ. ಎಡಗಡೆ ಅಂಕಿಗಳು ಒಂದರ ಮೇಲೊಂದು ಬಿದ್ದು ಗಲೀಜಾದವು. ಸುಮ್ನೆ ಇರಲಾರದೆ ಎರಡನೆಯದರ, ಮೂರನೆಯದರ ಅಕ್ಷ ತೆಗೆದುಬಿಟ್ಟೆ. ಬಹಳ ಚೆಂದ ಕಂಡಿತು. ಆದರೆ ಮೂರೂ ಗೆರೆಗಳು ತಮ್ಮ ತಮ್ಮ ಅಳತೆಯಲ್ಲಿ ಚೌಕಟ್ಟು ತುಂಬ ಹರಡಿದ್ದವು. 2 ಇದ್ದ ಗಂಗಾವತಿಯೂ 7 ಇದ್ದ ಮಾನ್ವಿಯೂ ಅಕ್ಕಪಕ್ಕ! ಇಸಿ 4 ದಾಟಿದರೆ ಚೌಳು ಅಂತ ಅವಳೇ ಪಕ್ಕದ ಪುಟದಲ್ಲಿ ಬರೆದಿದ್ದಳು. ನನ್ನ ಗ್ರಾಫಿನಲ್ಲಿ ಚೌಳೂ ಇಲ್ಲ, ಒಳ್ಳೆ ಮಣ್ಣೂ ಇಲ್ಲ. ಗೈಡ್ ಹಿಡಿದರು, ಅಷ್ಟರಲ್ಲಿ ನಾಲ್ಕು ಕಾಪಿ ಬೈಂಡ್ ಆಗಿದ್ದವು. ಕಲರ್ ಪ್ರಿಂಟು, ಬೈಂಡಿಂಗು ಸೇರಿ ಎರಡು ಸಾವಿರದಷ್ಟು ನನ್ನ ಜೇಬಿನಿಂದಲೇ ಹೋಯಿತು.

ಕೊನೆಗೆ ಗೆರೆ ಬಿಟ್ಟು ಡೇಟಾಕ್ಕೆ ಕೈ ಹಾಕಿದೆ. ಮೂರು ಕಾಲಂ ಪಕ್ಕಪಕ್ಕ ಇದ್ದದ್ದನ್ನು ಪಿವಟ್ ಲಾಂಗರ್‌ನಿಂದ ಒಂದರ ಕೆಳಗೊಂದು ಬರುವಂತೆ ಉದ್ದ ಮಾಡಿದೆ: ಜಾಗ, ತಿಂಗಳು, ಇಸಿ. ಆಮೇಲೆ ಆರ್‌ನ ಗ್ರಾಫ್ ಪ್ಯಾಕೇಜ್ ಜಿಜಿಪ್ಲಾಟ್2ರಲ್ಲಿ ಬಣ್ಣಕ್ಕೂ ಗ್ರೂಪಿಗೂ ಜಾಗ ಕೊಟ್ಟರೆ ಆಯಿತು, ಅಕ್ಷ ತಾನೇ ಎಲ್ಲರಿಗೂ ಒಂದೇ. ತಿಂಗಳನ್ನು ಫ್ಯಾಕ್ಟರ್ ಮಾಡಿ ಕ್ರಮ ಹೇಳಲು ಮರೆತು, ಇಂಗ್ಲಿಷ್ ಅಕ್ಷರಕ್ರಮದಲ್ಲಿ ಏಪ್ರಿಲ್ ಮೊದಲಿಗೆ ಬಂದು ಕೂತಿತ್ತು, ಅದು ಎಲ್ಲರಿಗೂ ಆಗುವುದೇ ಅಲ್ವಾ.

ಚುಕ್ಕಿಗಳು ಮಾತ್ರ ಕಾಡಿದವು. ಆಲ್ಫಾ, ಅಂದರೆ ಚುಕ್ಕಿಯ ಗಾಢತೆ, 0.3ಕ್ಕೆ ಇಳಿಸಿದರೂ ಮಾನ್ವಿಯ ಕೆಂಪು ಸಿಂಧನೂರನ್ನು ನುಂಗುತ್ತಿತ್ತು. ಶೀಟಿನಲ್ಲಿ ಮಾನ್ವಿ ಕೊನೆಗಿತ್ತು, ಚುಕ್ಕಿಗಳೂ ಸಾಲಿನ ಕ್ರಮದಲ್ಲೇ ಬೀಳುತ್ತವೆ. ಸಾಲುಗಳನ್ನು ಇಸ್ಪೀಟ್ ಎಲೆ ಕಲಸಿದ ಹಾಗೆ ಕಲಸಿದೆ, ಸರಿಹೋಯಿತು. ಸರಾಸರಿಗೆ ದಪ್ಪ ಗೆರೆ, 4ರ ಹತ್ತಿರ ಒಂದು ಅಡ್ಡಗೆರೆ. ಗೆರೆಯ ತುದಿಯಲ್ಲೇ ಊರ ಹೆಸರು ಒಂದಕ್ಕೊಂದು ತಾಗದಂತೆ ಕೂರಿಸಿದ್ದೇನೆ. ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು.

ನಡುವೆ ಹುಚ್ಚಿಗೆ ಕನ್ನಡದಲ್ಲೇ ಹೆಸರು ಹಾಕಿ ನೋಡಿದೆ. ಮಾಮೂಲಿ ಪಿಡಿಎಫ್‌ನಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡಲೇ ಇಲ್ಲ. ರ್‍ಯಾಗ್ ಪ್ಯಾಕೇಜಿನಿಂದ ಪಿಎನ್‌ಜಿ ತೆಗೆದರೆ 'ಮಾನ್ವಿ'ಯ ವತ್ತೂ ಸರಿಯಾಗಿ ಕೂರುತ್ತದೆ. ಥೀಸಿಸ್ ಇಂಗ್ಲಿಷಿನದು, ಉಪಯೋಗಕ್ಕೆ ಬರಲಿಲ್ಲ. ಆದರೂ ಆ ಚಿತ್ರ ಇನ್ನೂ ನನ್ನ ಲ್ಯಾಪ್‌ಟಾಪಿನ ವಾಲ್‌ಪೇಪರ್.

ಕಪ್ಪು-ಬಿಳುಪು ಪ್ರಿಂಟಿಗೆ ಇನ್ನೊಂದು ಚಿತ್ರ ಬೇಕಾಯಿತು. ಫೆಸೆಟ್ ರ್‍ಯಾಪ್ ಹಾಕಿ ಊರಿಗೊಂದರಂತೆ ಮೂರು ಚೌಕ ಮಾಡಿದೆ. ಡೇಟಾದ ಇನ್ನೊಂದು ಕಾಪಿಯಲ್ಲಿ 'ಜಾಗ' ಕಾಲಂ ಕಿತ್ತು, ಅದರ ಚುಕ್ಕಿಗಳನ್ನು ಬೂದು ಬಣ್ಣದಲ್ಲಿ ಕೆಳಗೆ ಹಾಸಿದೆ. ಆ ಕಾಲಂ ಇಲ್ಲದ ಕಾರಣ ಮೂರೂ ಊರಿನ ಬೂದು ಚುಕ್ಕಿ ಪ್ರತಿ ಚೌಕದಲ್ಲೂ ಬರುತ್ತವೆ, ಮೇಲೆ ಆಯಾ ಊರಿನದು ಕಪ್ಪಗೆ. ಗೈಡ್ ಕೇಳಿದ ಬೇರೆ ಬೇರೆಯೂ ಆಯಿತು, ನಾನು ಹೇಳಿದ ಒಂದೇ ಕಡೆಯೂ ಆಯಿತು.

ಅವರು ಹಾಳೆ ಹಿಡಿದು ಎರಡು ನಿಮಿಷ ನೋಡಿದರು. "ಮಾನ್ವಿ ಗೆರಿ ಇನ್ನೊಂಚೂರು ದಪ್ಪ ಮಾಡ್ರಿ" ಅಂದರು.