ಸಹಿಗೆ ಮೊದಲು ಓದಿ ಹೇಳಿಸಿಕೊಂಡೆ

ಮದ್ದೂರು ತಾಲೂಕಿನ ನಮ್ಮೂರಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ ಇದೆ. ಎಲ್ಲರ ಬಾಯಲ್ಲೂ ಅದು ‘ಡೈರಿ’. ಎರಡು ಹೊತ್ತು ಹಾಲು ಅಳೆದು, ಫ್ಯಾಟ್ ಅಂದರೆ ಕೊಬ್ಬಿನಂಶ ನೋಡಿ, ಗೆಜ್ಜಲಗೆರೆಯ ಜಿಲ್ಲಾ ಹಾಲು ಒಕ್ಕೂಟಕ್ಕೆ ಕಳಿಸುತ್ತೇವೆ. ಅದಕ್ಕೆ ನಾನು ಅಧ್ಯಕ್ಷೆ.

ಮೊದಲ ಸಭೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. 11 ನಿರ್ದೇಶಕಿಯರು. ಐವರ ಗಂಡಂದಿರೂ ಬಂದಿದ್ದರು. ಕುರ್ಚಿ ಮೇಲೆ ಅವರು, ಬಾಗಿಲ ಹತ್ತಿರ ಚಾಪೆ ಮೇಲೆ ನಾವು. ಮಾತೆಲ್ಲ ಅವರದೇ. ಕೊನೆಗೆ ಕಾರ್ಯದರ್ಶಿ ನಡಾವಳಿ ಪುಸ್ತಕ ತಂದು, ‘ಇಲ್ಲೊಂದು ಸಹಿ ಹಾಕಕ್ಕ’ ಅಂದಳು. ಹಾಕಿದೆ. ಮಾರನೇ ದಿನ ಹಾಲು ಹಾಕಲು ಬಂದವರು, ‘ಫ್ಯಾಟ್ ನೋಡೋ ಹೊಸ ಮಿಷನ್ನಿಗೆ ಎಷ್ಟಾಯ್ತು?’ ಅಂತ ಕೇಳಿದರು. ಸಹಿ ನನ್ನದು, ಬೆಲೆ ನನಗೇ ಗೊತ್ತಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಸಭೆಯ ದಿನ ಬಾಗಿಲಲ್ಲೇ ನಿಂತೆ. ‘ಅಣ್ಣ, ಬೇಜಾರು ಮಾಡ್ಕೋಬೇಡಿ. ಓಟು ಹಾಕಿರೋದು ಇವರಿಗೆ. ಜಗಲಿ ಮೇಲೆ ಕೂತಿರಿ, ಕಾಫಿ ಕಳಿಸ್ತೀನಿ’ ಅಂದೆ. ನಾಲ್ವರು ಕೂತರು. ಒಬ್ಬರು ಹೆಂಡತಿಯನ್ನು ಕರೆದುಕೊಂಡು ಹೊರಟೇ ಹೋದರು. ಎರಡು ತಿಂಗಳು ಆಕೆ ಸಭೆಗೆ ಬರಲಿಲ್ಲ. ಕೊನೆಗೆ ಅವರ ಮನೆಗೆ ಹೋಗಿ ಅತ್ತೆಯ ಹತ್ತಿರ ಕೂತೆ. ಅಜ್ಜಿ ಮಗನನ್ನೇ ಕೇಳಿತು: ‘ಹಾಲು ಕರೆಯೋದು ಅವಳು, ಮೀಟಿಂಗಿಗೆ ಹೋಗೋದು ನೀನಾ?’ ಆಮೇಲೆ ಆಕೆ ಒಂದು ಸಭೆಯನ್ನೂ ತಪ್ಪಿಸಿಲ್ಲ.

ಸುಮ್ನೆ ‘ಮೀಟಿಂಗ್ ಇದೆ ಬನ್ನಿ’ ಅಂದರೆ ಯಾರೂ ಯೋಚನೆ ಮಾಡಿಕೊಂಡು ಬರುವುದಿಲ್ಲ. ಅದಕ್ಕೆ ಮೂರು ದಿನ ಮೊದಲೇ, ಹಾಲು ಹಾಕುವ ಹೊತ್ತಲ್ಲಿ, ಯಾವ ವಿಷಯ ಬರುತ್ತದೆ ಅಂತ ಒಬ್ಬೊಬ್ಬರಿಗೂ ಹೇಳುತ್ತೇನೆ. ಸಭೆಯಲ್ಲಿ ನನ್ನ ಮಾತು ಕೊನೆಗೆ. ಅಧ್ಯಕ್ಷರೇ ಮೊದಲು ಮಾತಾಡಿದರೆ ಉಳಿದವರು ಹೂಂ ಅಂದು ಎದ್ದು ಹೋಗುತ್ತಾರೆ, ಅಲ್ವಾ? ಹಾಗಾಗಿ ಮೂಲೆಯಲ್ಲಿ ಕೂತವರಿಂದ ಶುರು ಮಾಡುತ್ತೇನೆ.

ಹಾಗೆ ಶುರು ಮಾಡಿದ್ದಕ್ಕೇ, ಹೆಬ್ಬೆಟ್ಟು ಒತ್ತುವ ನಮ್ಮ ದೊಡ್ಡಮ್ಮ ಒಂದು ದಿನ ಬಾಯಿ ಬಿಟ್ಟರು. ‘ಸಂಜೆ ಹೊತ್ತು ಹಾಲು ಕಲಕದೇ ಸ್ಯಾಂಪಲ್ ತೆಗೀತಾರೆ ಕಣವ್ವ. ಫ್ಯಾಟ್ ಎಲ್ಲಿ ಸರಿಯಾಗಿ ಬರುತ್ತೆ?’ ಹಾಲು ಹಾಕುವವರು ತಿಂಗಳಿಂದ ಗೊಣಗುತ್ತಿದ್ದುದು ಇದನ್ನೇ. ದಿನಕ್ಕೊಬ್ಬ ನಿರ್ದೇಶಕಿ ಹಾಲು ಅಳೆಯುವಾಗ ಅಲ್ಲಿರಬೇಕು ಅಂತ ಆವತ್ತೇ ಠರಾವು ಮಾಡಿದೆವು. ಕಾರ್ಯದರ್ಶಿಯನ್ನು ಎಲ್ಲರೆದುರು ಬೈಯಲಿಲ್ಲ. ಬೆಳಗ್ಗೆ ಐದಕ್ಕೆ ಬಾಗಿಲು ತೆಗೆಯುವವಳು ಅವಳೇ. ಸಂಜೆ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ಒಂದೇ ಸಲಕ್ಕೆ ಜಾಸ್ತಿ ಜನ ನುಗ್ಗುತ್ತಾರೆ, ಕಲಕುವಷ್ಟು ಪುರುಸೊತ್ತಿಲ್ಲ ಅಂದಳು. ಸಾಲು ಮಾಡಿಸಿದೆವು.

ಈಗ ಪ್ರತಿ ಠರಾವನ್ನೂ ಬೆಲೆ ಸಮೇತ ಅವಳು ಗಟ್ಟಿಯಾಗಿ ಓದುತ್ತಾಳೆ. ಆಮೇಲೇ ಸಹಿ, ಹೆಬ್ಬೆಟ್ಟು.

ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ಸರ್ವಸದಸ್ಯರ ಸಭೆ ಆಗಲೇಬೇಕು. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಯಾಕೆ ತಡ ಅಂತ ಅಲ್ಲಿ ಯಾವಾಗಲೂ ಕೇಳುತ್ತಾರೆ. ಅದು ಸಂಘದ ಕೈಯಲ್ಲಿಲ್ಲ, ಹಾಗಂತಲೇ ಹೇಳುತ್ತೇನೆ. ಹೋದ ಸಲ ಒಬ್ಬರು ಎದ್ದು ಹೊಸ ಕ್ಯಾನುಗಳ ಲೆಕ್ಕ ಕೇಳಿದರು. ನಾನು ಏಳುವ ಮೊದಲೇ ದೊಡ್ಡಮ್ಮ ಎದ್ದರು. ಮೂರು ಕಡೆ ರೇಟು ಕೇಳಿದ್ದು, ಒಂದೊಂದರ ಬೆಲೆ, ಯಾವುದನ್ನು ಯಾಕೆ ತಂದೆವು ಅಂತ ಎಲ್ಲವನ್ನೂ ಬಾಯಲ್ಲೇ ಹೇಳಿ ಕೂತರು.